ದ್ವೀಪದಲ್ಲಿ ಮನೆ ಹಿಡಿಯುವ ಮೊದಲು

ನಿಮ್ಮಲ್ಲಿ ಹಲವರು ಈಗ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಸಂಬಳ ತರುವವರು. ಹೈದರಾಬಾದಿನ ಕಂಪನಿಗೆ ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಕುಳಿತು ದುಡಿಯಬಹುದಾದರೆ ಅಂಡಮಾನಿನಲ್ಲಿ ಕುಳಿತು ಯಾಕೆ ದುಡಿಯಬಾರದು ಎಂಬ ಯೋಚನೆ ಬರುವುದು ಸಹಜವೇ. ಕಳೆದ ಒಂದು ವರ್ಷದಲ್ಲಿ ನಮ್ಮ ಸಂಘದ ಕೂಟಗಳಲ್ಲಿ ಮೂವರು ನನ್ನನ್ನು ಹಿಡಿದು ನಿಲ್ಲಿಸಿ, "ಆಂಟಿ, ನೀವು ಅಲ್ಲಿ ಇದ್ದು ಬಂದವರಲ್ಲವಾ, ಆರು ತಿಂಗಳಿಗೆ ಯಾವ ದ್ವೀಪದಲ್ಲಿ ಮನೆ ಹಿಡಿಯಲಿ?" ಎಂದು ಕೇಳಿದ್ದಾರೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡು ಅವರಿಗೆ ಹೇಳಿದ್ದು ಅರ್ಧಂಬರ್ಧ. ಸಂಪಾದಕರು ಜಾಗ ಕೊಟ್ಟಿದ್ದಾರೆ, ಪೂರ್ತಿ ಹೇಳಿಬಿಡುತ್ತೇನೆ.

ನಾಲ್ಕು ದಿನ ನೋಡಿ ಬರುವವರಿಗೆ ಈ ಲೇಖನ ಬೇಡ. ಅವರಿಗೆ ಯಾವ ದ್ವೀಪವಾದರೂ ಚೆಂದವೇ. ತಿಂಗಳುಗಟ್ಟಲೆ ಇರುವವರ ಲೆಕ್ಕವೇ ಬೇರೆ. ನಾನು ಈಗ ಇರುವ ಭೀಮುನಿಪಟ್ಟಣವನ್ನೇ ನೋಡಿ. ಭಾನುವಾರ ಇಲ್ಲಿಗೆ ಬರುವವರು ಮರಳು, ಅಲೆ, ದೀಪಸ್ತಂಭ ನೋಡಿ ಹಿಂದಿರುಗುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಡಚ್ಚರು ನೋಡಿದ್ದು ಬೇರೆ. ಗೋಸ್ತನಿ ನದಿ ಕಡಲು ಸೇರುವ ಅಳಿವೆ ಇತ್ತು, ದೋಣಿ ನಿಲ್ಲಿಸಲು ಅನುಕೂಲವಿತ್ತು, ಒಳನಾಡಿನಿಂದ ಬಟ್ಟೆ ಬರುತ್ತಿತ್ತು. ವರ್ಷಗಟ್ಟಲೆ ಇರಲು ಬಂದವರು ಹೀಗೆ ನೋಡುತ್ತಾರೆ. ಅವರ ಗೋರಿಗಳು ಈಗಲೂ ಇಲ್ಲಿವೆ. ಮನಸ್ಸಾದಾಗ ಹೋಗಿ ನೋಡಿ.

2016ರ ಜುಲೈಯಿಂದ 2017ರ ಏಪ್ರಿಲ್‌ವರೆಗೆ ನಾವು ಪೋರ್ಟ್ ಬ್ಲೇರಿನಲ್ಲಿದ್ದೆವು. 2024ರಿಂದ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರು. ಹ್ಯಾವ್‌ಲಾಕ್ 2018ರಲ್ಲಿ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ನನ್ನ ನಾಲಿಗೆಗೆ ಹಳೆಯ ಹೆಸರುಗಳೇ ಬರುತ್ತವೆ, ಕ್ಷಮಿಸಬೇಕು. ನಮ್ಮ ಯಜಮಾನರು ಜೆಟ್ಟಿ ದುರಸ್ತಿಯ ಎಂಜಿನಿಯರಾಗಿ ಹೋದವರು. ಕೆಲಸ ಪೋರ್ಟ್ ಬ್ಲೇರಿನಲ್ಲೂ ಇತ್ತು, ಹ್ಯಾವ್‌ಲಾಕಿನಲ್ಲೂ ಇತ್ತು. ಮನೆ ಎಲ್ಲಿ ಬೇಕಾದರೂ ಮಾಡಬಹುದಿತ್ತು. ಜೊತೆಗೆ 76 ವರ್ಷದ ನಮ್ಮ ಅತ್ತೆ. ಉಡುಪಿ ಕಡೆಯವರು, ಆಸ್ತಮಾ ಇತ್ತು, ಮಗನನ್ನು ಬಿಟ್ಟು ಇರುವವರಲ್ಲ.

ಹ್ಯಾವ್‌ಲಾಕಿನಲ್ಲಿ ಒಂದು ಮನೆ ಸಿಕ್ಕಿತು. ಅಂಗಳದಲ್ಲಿ ತೆಂಗು, ತೆಂಗಿನಾಚೆ ಬಿಳಿ ಮರಳು, ಮರಳಿನಾಚೆ ಹಸಿರು ನೀರು. ಬಾಡಿಗೆಯೂ ಹೆಚ್ಚಲ್ಲ. ಯಜಮಾನರು ಮನಸ್ಸಿನಲ್ಲೇ ಅಲ್ಲಿ ಆರಾಮಕುರ್ಚಿ ಹಾಕಿಕೊಂಡಾಗಿತ್ತು. ಅತ್ತೆ ಫೋಟೋ ನೋಡಿ, "ಚಂದ ಉಂಟು. ಬಾವಿ ಎಲ್ಲುಂಟು?" ಎಂದರು. ಬಾವಿ ಇತ್ತು, ಆದರೆ ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆ ಎಂದು ಪಕ್ಕದ ಮನೆಯವರೇ ಹೇಳಿದರು. "ಡಾಕ್ಟರು?" ಪ್ರಾಥಮಿಕ ಆರೋಗ್ಯ ಕೇಂದ್ರ ಇತ್ತು. ದೊಡ್ಡ ಆಸ್ಪತ್ರೆ ಬೇಕಾದರೆ ಸುಮಾರು 40 ಕಿ.ಮೀ. ಕಡಲು ದಾಟಬೇಕು, ಸರ್ಕಾರಿ ದೋಣಿಯಲ್ಲಿ ಎರಡೂವರೆ ಗಂಟೆ. ಅತ್ತೆ ಮುಂದೆ ಏನೂ ಕೇಳಲಿಲ್ಲ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿ ಏನು ಪ್ರಯೋಜನವಾಯಿತು ಎಂದು ನನ್ನನ್ನು ಕೇಳುವವರಿದ್ದಾರೆ. ಆ ದಿನ ನನಗೆ ನೆನಪಾದದ್ದು 1719ರಲ್ಲಿ ಪ್ರಕಟವಾದ ಡೇನಿಯಲ್ ಡೀಫೋ ಬರೆದ ರಾಬಿನ್‌ಸನ್ ಕ್ರೂಸೋ. ಹಡಗು ಒಡೆದು ಒಬ್ಬನೇ ದ್ವೀಪಕ್ಕೆ ಬಿದ್ದವನು ವಾಸಕ್ಕೆ ಜಾಗ ಹುಡುಕುವಾಗ ನಾಲ್ಕು ವಿಷಯ ಲೆಕ್ಕ ಹಾಕುತ್ತಾನೆ. ಆರೋಗ್ಯಕ್ಕೆ ಒಗ್ಗುವ ಜಾಗ ಮತ್ತು ಸಿಹಿನೀರು, ಬಿಸಿಲಿನಿಂದ ಮರೆ, ಪ್ರಾಣಿಗಳಿಂದಲೂ ಮನುಷ್ಯರಿಂದಲೂ ರಕ್ಷಣೆ, ಕೊನೆಗೆ ಕಡಲು ಕಾಣಬೇಕು. ಕಡಲು ಕಾಣಬೇಕೆಂದದ್ದು ಸೊಬಗಿಗಲ್ಲ. ಯಾವುದಾದರೂ ಹಡಗು ಬಂದರೆ ಕಣ್ತಪ್ಪಿ ಹೋಗಬಾರದು ಎಂದು! ನಾವು ಕಡಲು ಕಾಣುವ ಮನೆಗೆ ಹೆಚ್ಚು ಬಾಡಿಗೆ ಕೊಡುತ್ತೇವೆ, ಆದರೆ ದೋಣಿ ಎಲ್ಲಿಂದ, ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳುವುದಿಲ್ಲ.

ನಾವು ಮನೆ ಹಿಡಿದದ್ದು ಪೋರ್ಟ್ ಬ್ಲೇರಿನ ಡೆಲಾನಿಪುರದಲ್ಲಿ. ಗುಡ್ಡದ ಮೇಲಿನ ಊರು, ನಮ್ಮ ಮಹಡಿಯಿಂದ ಕಾಣುತ್ತಿದ್ದದ್ದು ಎದುರು ಮನೆಯ ತಗಡಿನ ಮಾಡು. ಆಟೋ ಹತ್ತಿದರೆ ಹತ್ತು ನಿಮಿಷಕ್ಕೆ ಜಿ.ಬಿ. ಪಂತ್ ಆಸ್ಪತ್ರೆ. ಸೆಲ್ಯುಲರ್ ಜೈಲಿನ ಏಳು ತೋಳುಗಳಲ್ಲಿ ಈಗ ಮೂರು ಮಾತ್ರ ಉಳಿದಿವೆಯಲ್ಲವೇ, ಆ ಜೈಲಿನ ಆವರಣದಲ್ಲೇ ಈ ಆಸ್ಪತ್ರೆ ಎದ್ದಿದೆ. ಹ್ಯಾವ್‌ಲಾಕಿಗೆ ದೋಣಿ ಹೊರಡುವ ಫೀನಿಕ್ಸ್ ಬೇ ಜೆಟ್ಟಿಯೂ ಹತ್ತಿರ. ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ನೀರಿನ ಮಾತು ಬಂದದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಅಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಮೇ ತಿಂಗಳಲ್ಲಿ ಹಿಡಿದದ್ದು ಸೆಪ್ಟೆಂಬರ್‌ವರೆಗೆ, ಆಮೇಲೆ ಹಿಂಗಾರು ಡಿಸೆಂಬರ್‌ವರೆಗೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ನಮಗೆ ನಲ್ಲಿ ನೀರು ಬರುತ್ತಿದ್ದದ್ದು ಮೂರು ದಿನಕ್ಕೊಮ್ಮೆ! ಕಾರಣ ಸರಳ. ಕಿರಿದಾದ ನೆಲ, ಇಳಿಜಾರು, ಹರಿದು ನಿಲ್ಲುವ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಸಂಜೆಯೊಳಗೆ ಕಡಲು ಸೇರುತ್ತದೆ. ಧನಿಖಾರಿ ಎಂಬಲ್ಲಿ ಕಟ್ಟಿರುವ ಅಣೆಕಟ್ಟೇ ಊರಿಗೆ ಆಧಾರ. ಆದ್ದರಿಂದ ಬಾಡಿಗೆ ಮಾತಾಡುವ ಮೊದಲು ಮಾಡಿನ ಮೇಲೆ ಹತ್ತಿ ಸಿಂಟೆಕ್ಸ್ ಟ್ಯಾಂಕ್ ಎಷ್ಟು ದೊಡ್ಡದು, ಎಷ್ಟು ಮನೆಗೆ ಸೇರಿದ್ದು ಎಂದು ನೋಡಿ. ಮನೆಯ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸನ್ನು ಕೇಳಿ. ದುಡ್ಡಿದ್ದರೆ ಈ ತೊಂದರೆ ಇಲ್ಲ ಎಂದುಕೊಳ್ಳಬೇಡಿ. ಸಿಂಗಪುರವೂ ಇಂಥದೇ ಬಿಸಿಲು ಮಳೆಯ ದ್ವೀಪ. ಅಷ್ಟು ಶ್ರೀಮಂತ ದೇಶವೂ 1962ರ ಒಪ್ಪಂದದ ಮೇಲೆ ಪಕ್ಕದ ಮಲೇಷಿಯಾದಿಂದ ನೀರು ತರಿಸಿಕೊಳ್ಳುತ್ತದೆ.

ಇನ್ನು ಭಾಷೆ. ಇಲ್ಲಿ ಬೀದಿಯಲ್ಲಿ ತೆಲುಗು, ಮನೆಯಲ್ಲಿ ಅಮ್ಮ ಬೈದರೆ ಮಾತ್ರ ಕನ್ನಡ ಎಂದು ನಿಮ್ಮನ್ನು ನಾವು ಹಿರಿಯರು ಆಗಾಗ ಚುಚ್ಚುತ್ತೇವೆ. ಅಂಡಮಾನಿನಲ್ಲಿ ನಿಮ್ಮ ಕೈ ಹಿಡಿಯುವುದು ಆ ಬೀದಿಯ ತೆಲುಗೇ. ಎಲ್ಲರಿಗೂ ಹಿಂದಿ ಬರುತ್ತದೆ, ಬಂಗಾಳಿ, ತಮಿಳು, ಮಲಯಾಳ ಎಲ್ಲವೂ ಕೇಳಿಸುತ್ತದೆ. ಆದರೆ ಜಂಗ್ಲಿಘಾಟಿನ ಮೀನು ಮಾರುವವರಲ್ಲಿ ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆಯಿಂದ ಹೋಗಿ ನೆಲೆಸಿದವರು ಬಹಳ. ನಾನು ಭೀಮಿಲಿಯಲ್ಲಿ ಕಲಿತ ತೆಲುಗಿನಲ್ಲಿ ಎರಡು ಮಾತಾಡಿದ್ದೇ ತಡ, ನಮ್ಮ ಮನೆಗೆ ಮೀನು ತರುತ್ತಿದ್ದಾಕೆ "ಅಕ್ಕಾ" ಎಂದು ಕರೆಯತೊಡಗಿದಳು. ಆಕೆಯ ತಮ್ಮ ಆಟೋ ಓಡಿಸುತ್ತಿದ್ದ. ಮುಂದೆ ಅದು ಎಷ್ಟು ಉಪಕಾರಕ್ಕೆ ಬಂತೆಂದು ಹೇಳುತ್ತೇನೆ.

2016ರ ಡಿಸೆಂಬರ್ ಮೊದಲ ವಾರ. ಯಜಮಾನರು ಎರಡು ದಿನದ ಕೆಲಸಕ್ಕೆಂದು ಹ್ಯಾವ್‌ಲಾಕಿಗೆ ಹೋಗಿದ್ದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಗಾಳಿ ಮಳೆ ಹಿಡಿಯಿತು, ದೋಣಿಗಳು ನಿಂತವು. ಹ್ಯಾವ್‌ಲಾಕ್, ನೀಲ್‌ಗಳಲ್ಲಿ ಸಾವಿರಕ್ಕೂ ಮಿಕ್ಕಿ ಪ್ರವಾಸಿಗರು ಸಿಕ್ಕಿಬಿದ್ದದ್ದನ್ನು ನೀವೂ ಆಗ ಪತ್ರಿಕೆಯಲ್ಲಿ ಓದಿರಬಹುದು. ಕರೆತರಲು ಹೋದ ನೌಕಾಪಡೆಯ ಹಡಗುಗಳಿಗೇ ಮೊದಲು ಹತ್ತಿರ ಹೋಗಲಾಗಲಿಲ್ಲ, ಕಡಲು ಅಷ್ಟು ಒರಟಾಗಿತ್ತು. ಎರಡನೆಯ ರಾತ್ರಿ ಅತ್ತೆಗೆ ಉಸಿರು ಹತ್ತಿಕೊಂಡಿತು. ಪಂಪು ಹಾಕಿದರೂ ಇಳಿಯಲಿಲ್ಲ, ತುಟಿ ನೀಲಿಯಾಗತೊಡಗಿತು. ಫೋನು ಒಮ್ಮೆ ಸಿಗುತ್ತಿತ್ತು, ಒಮ್ಮೆ ಇಲ್ಲ. ಮೀನಿನಾಕೆಗೆ ಹೇಗೋ ಸಿಕ್ಕಿತು. ಅವಳ ತಮ್ಮ ಆ ಮಳೆಯಲ್ಲಿ ಬಂದ, ಅತ್ತೆಯನ್ನು ಕುರ್ಚಿ ಸಮೇತ ಮೆಟ್ಟಿಲಿಳಿಸಿದ. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಬೆಳಿಗ್ಗೆ ಹೇಳಿದರು. ಅವರ ಮಗ ಬಂದು ಮುಟ್ಟಿದ್ದು ಮೂರು ದಿನದ ಮೇಲೆ. ಆ ಮೂರು ದಿನ ಅಲ್ಲಿ ಅವರು ಏನು ಅನುಭವಿಸಿದರೋ, ಇಂದಿಗೂ ಬಾಯಿ ಬಿಟ್ಟು ಹೇಳಿಲ್ಲ. ಅತ್ತೆ ಮಾತ್ರ ಮೂಗಿಗೆ ಕೊಳವೆ ಹಾಕಿಕೊಂಡೇ, "ಆರಾಮಕುರ್ಚಿ ತಂದನಾ ಕೇಳು" ಎಂದರು.

ನೀವು ಇಪ್ಪತ್ತೈದರವರು, ಆಸ್ತಮಾ ಇಲ್ಲ, ಅತ್ತೆ ಇಲ್ಲ. ಆದರೂ ಜ್ವರ ಬರುತ್ತದೆ, ಬೈಕಿನಿಂದ ಬೀಳುತ್ತೀರಿ, ಅಪೆಂಡಿಕ್ಸ್ ನೋಯುತ್ತದೆ. ಊರಲ್ಲಿ ನಿಮ್ಮ ಅಪ್ಪನಿಗೋ ಅಮ್ಮನಿಗೋ ಏನಾದರೂ ಆದರೆ ಹೊರಡಬೇಕಾಗುತ್ತದೆ. ವಿಮಾನ ನಿಲ್ದಾಣ ಇರುವುದು ಪೋರ್ಟ್ ಬ್ಲೇರಿನಲ್ಲಿ. ಹ್ಯಾವ್‌ಲಾಕಿನಲ್ಲಿದ್ದರೆ ಮೊದಲು ದೋಣಿ, ಆಮೇಲೆ ವಿಮಾನ. ಇದನ್ನು ಒಮ್ಮೆ ಲೆಕ್ಕ ಹಾಕಿ.

ಆ ಡಿಸೆಂಬರಿನಲ್ಲಿ ಹೋದ ನೌಕಾಪಡೆಯ ಹಡಗುಗಳಲ್ಲಿ ಎರಡರ ಹೆಸರು ಬಿತ್ರಾ ಮತ್ತು ಬಂಗಾರಂ. ಎರಡೂ ಲಕ್ಷದ್ವೀಪದ ದ್ವೀಪಗಳು. ನಮ್ಮ ಕರಾವಳಿಯ ಬಂಧುಗಳು, "ಮಂಗಳೂರಿಗೆ ಅಷ್ಟು ಹತ್ತಿರ ಲಕ್ಷದ್ವೀಪ ಇರುವಾಗ ನೀವು ಅಂಡಮಾನಿಗೆ ಯಾಕೆ ಹೋದಿರಿ?" ಎಂದು ಕೇಳುವುದುಂಟು. ಪ್ರಶ್ನೆಯಲ್ಲಿ ಸ್ವಲ್ಪ ನ್ಯಾಯವಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಅಮಿನ್‌ದಿವಿ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಕೈಯಲ್ಲಿದ್ದವು, 1799ರ ಮೇಲೆ ಇಂಗ್ಲಿಷರಿಗೆ ಹೋದವು, 1956ರ ನವೆಂಬರ್‌ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ಆದರೆ ಆರು ತಿಂಗಳು ಮನೆ ಮಾಡಿಕೊಂಡಿರಲು ಅದು ಜಾಗವಲ್ಲ. ಒಳಗೆ ಹೋಗಲೇ ಪರವಾನಗಿ ಬೇಕು, ಅದೂ ದಿನ ಲೆಕ್ಕದ್ದು. ಎಲ್ಲ ದ್ವೀಪ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್, ಜನ ಇರುವುದು ಹತ್ತು ದ್ವೀಪಗಳಲ್ಲಿ. ಅವರಿಗೇ ಜಾಗ ಸಾಲದು, ನಾವು ಹೋಗಿ ನೂಕುವುದೇಕೆ?

ಅಂಡಮಾನಿನ ಉತ್ತರಕ್ಕೆ ದಿಗ್ಲಿಪುರ ಇದೆ. ಗದ್ದೆ, ಅಡಿಕೆ, ಬಾಳೆ, 732 ಮೀಟರ್ ಎತ್ತರದ ಸ್ಯಾಡಲ್ ಪೀಕ್. ನನಗೆ ಮಲೆನಾಡು ನೆನಪಾಯಿತು. ಬರೆಯುವವರು, ಚಿತ್ರ ಬಿಡಿಸುವವರು ಇದ್ದರೆ ಅಲ್ಲಿಗೆ ಹೋಗಲಿ. ಆದರೆ ರಸ್ತೆಯಲ್ಲಿ ಒಂದಿಡೀ ದಿನದ ಪ್ರಯಾಣ. ಆ ರಸ್ತೆ ಜಾರವಾ ಜನರ ಕಾಡಿನ ಮೂಲಕ ಹೋಗುತ್ತದೆ. ವಾಹನಗಳನ್ನು ಗುಂಪು ಮಾಡಿ ಹೊತ್ತಿಗೆ ಸರಿಯಾಗಿ ಬಿಡುತ್ತಾರೆ, ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಬಿಸ್ಕತ್ತು ಎಸೆಯುವ ಬುದ್ಧಿಹೀನರ ಜೊತೆ ನೀವು ಸೇರಬೇಡಿ. ನಿಕೋಬಾರಿನ ಬುಡಕಟ್ಟು ದ್ವೀಪಗಳಿಗಂತೂ ಪ್ರತ್ಯೇಕ ಪಾಸ್ ಇಲ್ಲದೆ ಹೋಗುವಂತಿಲ್ಲ.

ಕಡಲಂಚಿನ ಮನೆ ಬೇಡ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣ 2004ರ ಡಿಸೆಂಬರ್ 26. ಸುನಾಮಿಯ ದಿನ ಭೂಕಂಪಕ್ಕೆ ದಕ್ಷಿಣ ಅಂಡಮಾನಿನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಪೋರ್ಟ್ ಬ್ಲೇರಿನ ಹೊರಗೆ ಸಿಪ್ಪಿಘಾಟಿನಲ್ಲಿ ಗದ್ದೆಯಾಗಿದ್ದದ್ದು ಉಪ್ಪುನೀರಾಯಿತು. ತಗ್ಗಿನ ಮನೆಗಿಂತ ದಿಬ್ಬದ ಮನೆ ಮೇಲು, ಸೊಂಟ ನೋಯುತ್ತದೆ ಅಷ್ಟೆ. ಮತ್ತೆ ಕಾಂಡ್ಲಾಕಾಡಿನ ಕೊಲ್ಲಿಗಳಲ್ಲಿ ಮೊಸಳೆ ಇವೆ. ಎಚ್ಚರಿಕೆಯ ಹಲಗೆ ಹಾಕಿದ ಕಡೆ ಈಜಲು ಇಳಿಯಬೇಡಿ, ಸ್ಥಳೀಯರು ಇಳಿಯುತ್ತಾರೆಯೇ ನೋಡಿ.

ನಿಮಗೆ ಮುಖ್ಯವಾದದ್ದು ಇಂಟರ್‌ನೆಟ್. ನಾವಿದ್ದಾಗ ಎಲ್ಲವೂ ಉಪಗ್ರಹದಿಂದ ಬರಬೇಕಿತ್ತು, ಒಂದು ಫೋಟೋ ಕಳಿಸುವಷ್ಟರಲ್ಲಿ ಅನ್ನ ಬೇಯುತ್ತಿತ್ತು. 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಮುದ್ರದಡಿ ಸುಮಾರು 2,300 ಕಿ.ಮೀ. ಕೇಬಲ್ ಉದ್ಘಾಟನೆಯಾಯಿತು, ಈಗ ಆ ಕಷ್ಟ ಬಹಳ ಮಟ್ಟಿಗೆ ತೀರಿದೆ. ಆದರೂ ನೀವು ಹಿಡಿಯುವ ಮನೆಯಲ್ಲೇ ಕುಳಿತು, ನಿಮ್ಮ ಕೆಲಸದ ಹೊತ್ತಿನಲ್ಲೇ, ಒಮ್ಮೆ ಪರೀಕ್ಷಿಸಿ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಮುಳುಗಿಬಿಡುತ್ತಾನೆ. ಆರು ಗಂಟೆಗೆ ಕೆಲಸ ಮುಗಿಸಿ ಕಡಲತೀರಕ್ಕೆ ಹೋಗೋಣ ಎಂದುಕೊಂಡವರಿಗೆ ಕತ್ತಲೆ ಸಿಗುತ್ತದೆ.

ಹಾಗಾದರೆ ಹ್ಯಾವ್‌ಲಾಕ್ ಬೇಡವೇ? ಬೇಕು. ಪೋರ್ಟ್ ಬ್ಲೇರಿನಲ್ಲಿ ಮನೆ ಮಾಡಿ, ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ತಣ್ಣಗಿರುವಾಗ ಹ್ಯಾವ್‌ಲಾಕಿಗೂ ನೀಲ್‌ಗೂ ಹತ್ತು ಹತ್ತು ದಿನ ಹೋಗಿ ಇದ್ದು ಬನ್ನಿ. ನೀಲ್‌ನಲ್ಲಿ ತರಕಾರಿ ಬೆಳೆಯುತ್ತಾರೆ, ಸೀತಾಪುರ, ಭರತ್‌ಪುರ, ಲಕ್ಷ್ಮಣ್‌ಪುರ ಎಂದು ಊರುಗಳ ಹೆಸರು. ನನಗೆ ಹ್ಯಾವ್‌ಲಾಕಿಗಿಂತ ಅದೇ ಹಿಡಿಸಿತು.

ಇಲ್ಲಿಂದ ಹಡಗಿನಲ್ಲಿ ಹೋಗುವ ಆಸೆಯಿದ್ದರೆ, ವಿಶಾಖಪಟ್ಟಣದ ಬಂದರಿನಿಂದ ಪೋರ್ಟ್ ಬ್ಲೇರಿಗೆ ಸುಮಾರು 56 ಗಂಟೆ. ದಿನಾ ಹೊರಡುವುದಿಲ್ಲ. ವಿಜಯವಾಡದವರು ರೈಲು ಹತ್ತುವ ಮೊದಲು ಹಡಗಿನ ದಿನ ಗಟ್ಟಿ ಮಾಡಿಕೊಳ್ಳಿ. ಬಂಕ್ ಟಿಕೆಟ್ ಅಗ್ಗ, ನಿಮ್ಮ ವಯಸ್ಸಿಗೆ ಅದೇ ಸಾಕು. ಉಪ್ಪಿನಕಾಯಿ, ಅವಲಕ್ಕಿ, ನಿಂಬೆಹಣ್ಣು ಕೈಚೀಲದಲ್ಲಿರಲಿ. ಮೊದಲ ದಿನ ಹೊಟ್ಟೆ ತೊಳಸಿದರೆ ಮಲಗಬೇಡಿ, ಡೆಕ್ಕಿಗೆ ಹೋಗಿ ದೂರದ ಗೆರೆ ನೋಡುತ್ತಾ ನಿಲ್ಲಿ. ತಲುಪಿದ ಮೇಲೆ ಮೊದಲ ಹದಿನೈದು ದಿನ ಲಾಡ್ಜಿನಲ್ಲಿದ್ದು, ಮಳೆ ಬಂದ ದಿನವೇ ಮನೆ ನೋಡಲು ಹೊರಡಿ.