ಚಳಿಗಾಲದ ಹೀಟರ್ ಹಣಕ್ಕೆ ಲಿಂಕ್ ಒತ್ತಬೇಕೇ? ಬ್ರಿಟನ್‌ನ ಹಿರಿಯರಿಗೆ ಬರುವ ಸಂದೇಶದ ಸತ್ಯಾಸತ್ಯತೆ

ಚಳಿಗಾಲದ ಹೀಟಿಂಗ್ ಸಹಾಯಧನ ಬೇಕಿದ್ದರೆ ಕೂಡಲೇ ಲಿಂಕ್ ಒತ್ತಿ ಬ್ಯಾಂಕ್ ವಿವರ ತುಂಬಿ ಎನ್ನುವ ಸಂದೇಶಗಳು ಬ್ರಿಟನ್‌ನ ಹಿರಿಯರ ಮೊಬೈಲ್‌ಗಳಿಗೆ ಬರುತ್ತಿವೆ. ನಿಮ್ಮ ಮನೆಯವರು, ಪರಿಚಯದವರು ಅಲ್ಲಿದ್ದರೆ ಅವರಿಗೂ ಬಂದಿರಬಹುದು. ಇದು ನಿಜವೇ?

ಸಹಾಯಧನ ನಿಜ, ಲಿಂಕ್ ಸುಳ್ಳು

'ವಿಂಟರ್ ಫ್ಯುಯೆಲ್ ಪೇಮೆಂಟ್' ಯೋಜನೆ ಶುರುವಾದದ್ದು 1997ರಲ್ಲಿ. ಪಿಂಚಣಿ ವಯಸ್ಸು ದಾಟಿದವರ ಮನೆಗೆ ಸಾಮಾನ್ಯವಾಗಿ 200 ಪೌಂಡ್, 80 ದಾಟಿದವರಿದ್ದರೆ 300 ಪೌಂಡ್ ಸಿಗುತ್ತದೆ. ಬಹುತೇಕರಿಗೆ ಈ ಹಣ ತಾನಾಗಿಯೇ ಖಾತೆಗೆ ಬರುತ್ತದೆ. ಅರ್ಜಿ ಹಾಕಬೇಕಾದ ಕೆಲವರಿಗೂ ಸರ್ಕಾರ ಎಸ್‌ಎಂಎಸ್ ಕಳಿಸಿ ಬ್ಯಾಂಕ್ ವಿವರ ಕೇಳುವುದಿಲ್ಲ.

ಜನ ಯಾಕೆ ನಂಬುತ್ತಾರೆ?

ನಿಯಮ ಪದೇ ಪದೇ ಬದಲಾಗಿದ್ದೇ ಕಾರಣ. 2024ರ ಜುಲೈನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 'ಪೆನ್ಷನ್ ಕ್ರೆಡಿಟ್'ನಂಥ ನೆರವು ಪಡೆಯುವ ಬಡವರಿಗೆ ಮಾತ್ರ ಈ ಹಣ ಎಂದರು. ಸುಮಾರು 1 ಕೋಟಿ ಹಿರಿಯರು ಪಟ್ಟಿಯಿಂದ ಹೊರಬಿದ್ದರು. ವಿರೋಧ ಹೆಚ್ಚಾಗಿ 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ವಾರ್ಷಿಕ ಆದಾಯ 35,000 ಪೌಂಡ್ ಮೀರದವರಿಗೆ ಹಣ ಉಳಿಯುತ್ತದೆ, ಮೀರಿದವರಿಂದ ತೆರಿಗೆ ಮೂಲಕ ವಾಪಸ್ ಪಡೆಯಲಾಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಪ್ರತ್ಯೇಕ ಯೋಜನೆಯಿದೆ. ನನಗೆ ಸಿಗುತ್ತದೋ ಇಲ್ಲವೋ ಎಂಬ ಈ ಗೊಂದಲವೇ ವಂಚಕರ ಬಂಡವಾಳ.

'ಚಳಿಯಾದರೆ ಇನ್ನೊಂದು ಸ್ವೆಟರ್ ಹಾಕಿದರಾಯ್ತು' ಅಲ್ಲವೇ?

ಅಷ್ಟೇ ಸಾಲದು. ಆದಾಯ ಕಡಿಮೆ, ಗ್ಯಾಸ್-ವಿದ್ಯುತ್ ದುಬಾರಿ, ಬಿಸಿ ನಿಲ್ಲದ ಹಳೆಯ ಮನೆ: ಇವು ಸೇರಿದಾಗ ಮನೆಯನ್ನು ಬೆಚ್ಚಗಿಡಲು ಆಗದ ಸ್ಥಿತಿಗೆ 'ಇಂಧನ ಬಡತನ' ಎನ್ನುತ್ತಾರೆ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನಲ್ಲಿ 18 ಡಿಗ್ರಿಗೆ ಇಳಿದರೆ ನಾವು ಸ್ವೆಟರ್ ಹುಡುಕುತ್ತೇವೆ. ಅಲ್ಲಿ ಬಿಲ್ಲಿಗೆ ಹೆದರಿ ಹೀಟರ್ ಆರಿಸುವ ಹಿರಿಯರಿಗೆ ಅಷ್ಟು ಉಳಿಸಿಕೊಳ್ಳುವುದೂ ಕಷ್ಟ.

ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಚಳಿಗಾಲದ ಸಾವುಗಳಲ್ಲಿ ಹೆಚ್ಚಿನವು ಮೈ ಮರಗಟ್ಟಿ ಆಗುವುದಲ್ಲ. ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಸೋಂಕಿನಿಂದ ಆಗುತ್ತವೆ. ವಯಸ್ಸಾದಂತೆ ಚಳಿಯ ಅರಿವೂ ತಗ್ಗುವುದರಿಂದ, 'ನನಗೇನೂ ಚಳಿಯಿಲ್ಲ' ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ.

'ಒಂದು ಪೆಗ್ ಬ್ರಾಂಡಿ ಮೈ ಬೆಚ್ಚಗಿಡುತ್ತದೆ' ಎಂಬುದೂ ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗೆನಿಸಿದರೂ ದೇಹದ ಶಾಖ ಹೊರಹೋಗುತ್ತದೆ.

ಏನು ಮಾಡಬೇಕು?

* ಲಿಂಕ್ ಒತ್ತಬೇಡಿ. ಬ್ರಿಟನ್‌ನಲ್ಲಿರುವವರು ಅನುಮಾನದ ಎಸ್‌ಎಂಎಸ್ ಅನ್ನು 7726ಕ್ಕೆ ಉಚಿತವಾಗಿ ಕಳಿಸಿ ದೂರು ನೀಡಬಹುದು.
* ಈಗಾಗಲೇ ವಿವರ ಕೊಟ್ಟಿದ್ದರೆ ತಕ್ಷಣ ಬ್ಯಾಂಕಿಗೆ ಕರೆ ಮಾಡಿ.
* 'ಪೆನ್ಷನ್ ಕ್ರೆಡಿಟ್' ಮಾತ್ರ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಲೇಬೇಕು. ಅರ್ಹರಾಗಿದ್ದೂ ಪಡೆಯದವರು ಬಹಳ ಮಂದಿ ಇದ್ದಾರೆ.
* ಅಲ್ಲಿರುವ ಹಿರಿಯರಿಗೆ ಕರೆ ಮಾಡಿದಾಗ 'ಊಟ ಆಯ್ತಾ' ಎನ್ನುವುದರ ಜೊತೆಗೆ 'ಹೀಟರ್ ಹಾಕಿದ್ದೀರಾ' ಎಂದೂ ಕೇಳಿ.

ತೀರ್ಪು: ಯೋಜನೆ ನಿಜ. ಲಿಂಕ್ ಒತ್ತಿ ಹಣ ಪಡೆಯಿರಿ ಎಂಬ ಸಂದೇಶ ಸುಳ್ಳು. ಫಾರ್ವರ್ಡ್ ಮಾಡಬೇಡಿ.