ವಿಜ್ಞಾನ ಸಂಘದ ಜಾಲತಾಣ: ಮೊದಲು ಅಕ್ಷರ, ಆಮೇಲೆ ಅಲಂಕಾರ

ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಾವು, ಊರಿನ ವಿಜ್ಞಾನ ಸಂಘಕ್ಕೆ ಸ್ವಯಂಸೇವೆಯಾಗಿ ಜಾಲತಾಣ ರೂಪಿಸಿಕೊಡಬಹುದು. ಆಗ ಮೊದಲು ಗಮನಿಸಬೇಕಾದದ್ದು ಕನ್ನಡ ಅಕ್ಷರದ ಸಂಕೇತ.

ಡಾ. ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಆರಂಭಿಸಿದರು. ಆ ಕಾಲದ ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ಕೊಡಲಾಗುತ್ತಿತ್ತು. ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ‘ಗ್ರಹಣ’ ಎಂಬ ಪದ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು, ಹುಡುಕಿದರೂ ಸಿಗುತ್ತಿರಲಿಲ್ಲ. ಯುನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ‘ಕ’ ಎಲ್ಲ ಕಂಪ್ಯೂಟರಿನಲ್ಲೂ 3221.

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಉಪನ್ಯಾಸ, ಪ್ರಯೋಗದ ಟಿಪ್ಪಣಿಗಳಿದ್ದರೆ ಅವನ್ನು ಹಾಗೆಯೇ ಏರಿಸಬಾರದು. ಚಿತ್ರವಾಗಿ ಹಾಕಿದರೂ ಪದ ಹುಡುಕಲಾಗದು. ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅಂಕಿ, ಘಾತಾಂಕಗಳನ್ನು ಮೂಲದೊಂದಿಗೆ ಹೋಲಿಸಬೇಕು. 10³ ಎಂಬುದು 103 ಆದರೆ ಸಾವಿರವೇ ನೂರಮೂರಾಗುತ್ತದೆ.

ಈ ಹೋಲಿಕೆಯನ್ನು ತರಗತಿಯ ಚಟುವಟಿಕೆಯಾಗಿಸಬಹುದು. ಒಬ್ಬರು ಮೂಲ ಓದಲಿ, ಇನ್ನೊಬ್ಬರು ಪರದೆ ನೋಡಲಿ. ಕೊನೆಗೆ ಮಕ್ಕಳು ಬೇರೊಂದು ಫೋನಿನಲ್ಲಿ ಪುಟ ತೆರೆದು ‘ಗ್ರಹಣ’ ಎಂದು ಹುಡುಕಲಿ. ಪದ ಸಿಕ್ಕರೆ ಆ ತಾಣ ಮಕ್ಕಳಿಗೆ ಉಪಯೋಗಕ್ಕೆ ಬಂದಂತೆ.