ಟಾಟಾ ಇನ್‌ಸ್ಟಿಟ್ಯೂಟಿನ ಮೂವರು ವಿದ್ಯಾರ್ಥಿನಿಯರು

ಯಶವಂತಪುರದಿಂದ ಮೇಖ್ರಿ ವೃತ್ತದತ್ತ ಸಾಗುವ ಸರ್ ಸಿ. ವಿ. ರಾಮನ್ ರಸ್ತೆಯ ಪಕ್ಕದಲ್ಲಿ, ದಟ್ಟವಾದ ಮರಗಳ ನೆರಳಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನೆಲೆಸಿದೆ. ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಜಮಷೇಟ್‌ಜಿ ಟಾಟಾ ಅವರ ಕನಸಿಗೆ ಮೈಸೂರಿನ ಅರಸರು ಸುಮಾರು 370 ಎಕರೆ ನೆಲವನ್ನಿತ್ತರು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಇಲ್ಲಿ ಕಲಿತು ಕೀರ್ತಿವಂತರಾದವರು ಅನೇಕರು. ಆದರೆ ಕಲಿಯುವ ಹಕ್ಕಿಗಾಗಿಯೇ ಹೋರಾಡಬೇಕಾಗಿ ಬಂದವರೂ ಉಂಟು.

ಕಮಲಾ ಭಾಗವತ್ ಅವರ ತಂದೆ ನಾರಾಯಣರಾಯರು ಇದೇ ಸಂಸ್ಥೆಯಲ್ಲಿ ರಸಾಯನ ವಿಜ್ಞಾನವನ್ನು ಕಲಿತವರು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದ ಮಗಳು, ತಂದೆ ಓದಿದ ಕಡೆಗೇ ಅರ್ಜಿ ಕಳುಹಿಸಿದರು. ಹೆಣ್ಣೆಂಬ ಕಾರಣಕ್ಕೆ ಅದು ತಿರಸ್ಕೃತವಾಯಿತು. ಆಗ ನಿರ್ದೇಶಕರಾಗಿದ್ದವರು ಸ್ವತಃ ರಾಮನ್. ಕಮಲಾ ಬೆಂಗಳೂರಿಗೆ ಬಂದು, ಕಾರಣ ಕೇಳಿ, ಸತ್ಯಾಗ್ರಹಕ್ಕೂ ಸಿದ್ಧರಾದರು. ಕೊನೆಗೆ ಪ್ರವೇಶವೇನೋ ದೊರಕಿತು. ಆದರೆ ಷರತ್ತುಗಳ ಮೇಲೆ. ಮೊದಲ ವರ್ಷ ಅವರು ಪೂರ್ಣ ವಿದ್ಯಾರ್ಥಿನಿಯಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು. ಪ್ರಯೋಗಶಾಲೆಯ ವಾತಾವರಣ ಕೆಡದಂತೆ ನಡೆದುಕೊಳ್ಳಬೇಕು!

ಅವಮಾನವನ್ನು ನುಂಗಿಕೊಂಡು ಅವರು ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಸಂಶೋಧನೆಗೆ ತೊಡಗಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರ ಮನಸ್ಸು ಬದಲಾಯಿತು. ಇತರ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದ ಅವರನ್ನು ಮುಂದೆ ದೇಶವು ಕಮಲಾ ಸೊಹೊನಿ ಎಂಬ ಹೆಸರಿನಿಂದ ಅರಿಯಿತು.

ತೆರೆದ ಬಾಗಿಲಿನಿಂದ 1940ರಲ್ಲಿ ಬಂದವರು ಅಣ್ಣಾ ಮಣಿ. ಈ ಬಾರಿ ರಾಮನ್ ಅವರೇ ಗುರುಗಳು. ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಭ್ಯಸಿಸಿ, ಐದು ಲೇಖನಗಳನ್ನು ಪ್ರಕಟಿಸಿ, 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರಕಲಿಲ್ಲ. ಅವರು ಎದೆಗುಂದಲಿಲ್ಲ. ಹವಾಮಾನ ಇಲಾಖೆಯನ್ನು ಸೇರಿ, ವಿದೇಶದಿಂದ ತರಿಸಬೇಕಾಗಿದ್ದ ಉಪಕರಣಗಳನ್ನು ದೇಶದಲ್ಲಿಯೇ ತಯಾರಿಸುವ ವ್ಯವಸ್ಥೆಯನ್ನು ಕಟ್ಟಿ, 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು.

ಮೂರನೆಯವರು ನಮ್ಮ ನಾಡಿನ ಮಗಳು, ರಾಜೇಶ್ವರಿ. ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪ ಅವರ ಮೊಮ್ಮಗಳು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ 1943ರಲ್ಲಿ ಸಂಸ್ಥೆಯನ್ನು ಸೇರಿದ ಅವರು, ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಷಿಗನ್‌ಗೆ ತೆರಳಿದರು. 1953ರಲ್ಲಿ ಡಾಕ್ಟರೇಟ್‌ನೊಡನೆ ಮರಳಿ, ತಾವು ಕಲಿತ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು. ಪತಿ ಶಿಶಿರಕುಮಾರ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆ ನಡೆಸಿದ ಅವರು ನಿವೃತ್ತರಾದದ್ದು 1982ರಲ್ಲಿ.

ಇಪ್ಪತ್ತು ವರ್ಷಗಳ ಹಿಂದೆ ಹೆಣ್ಣಿಗೆ ವಿದ್ಯಾರ್ಥಿಯ ಪೀಠವನ್ನೂ ನಿರಾಕರಿಸಿದ್ದ ಆವರಣದಲ್ಲಿ ಹೆಣ್ಣೊಬ್ಬಳು ಗುರುವಿನ ಪೀಠವನ್ನೇರಿದ್ದಳು. ಕಮಲಾ ಅವರ ಹಟ ಅವರೊಬ್ಬರ ಪಾಲಿಗಷ್ಟೇ ಫಲ ಕೊಡಲಿಲ್ಲ. ಪದವಿ ತಂದುಕೊಡದ ಅಣ್ಣಾ ಮಣಿಯವರ ಪ್ರಬಂಧವಾದರೋ ಅದೇ ರಸ್ತೆಯಲ್ಲಿರುವ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ತಂದುಕೊಟ್ಟ ಇತರ ಪ್ರಬಂಧಗಳ ಸಾಲಿನಲ್ಲಿಯೇ ಸ್ಥಾನ ಪಡೆಯಿತು.